ಗಂಗತ್ತೆ ಇಟ್ಟ ಬರೆ

ಮಗಳ ಮೈಕ್ರೋಕಂಟ್ರೋಲರ್ ಬೋರ್ಡ್ ಇಂದು ಸತ್ತುಹೋಯಿತು. ಮೀಟರ್ ಹಚ್ಚಿ ನೋಡಿದರೆ ವಿದ್ಯುತ್ತನ್ನು ಹದಗೊಳಿಸುವ ರೆಗ್ಯುಲೇಟರ್ ಸುಟ್ಟುಹೋಗಿತ್ತು. ಅದನ್ನು ಬಿಡಿಸಲು ಸೋಲ್ಡರಿಂಗ್ ಕಡ್ಡಿ ಕಾಯಿಸಿದೆ. ಎದ್ದ ಬೆಸುಗೆಯ ರಾಳದ ಹೊಗೆ ನನ್ನನ್ನು ನಾನು ಬೆಳೆದ ಸದಾಶಿವ ಪೇಠದ ಹಳೆಯ ವಾಡೆಯ ಮನೆಗೆ ಎಳೆದೊಯ್ದಿತು.

ಅಲ್ಲಿ ಅಪ್ಪನ ಅಕ್ಕ ಗಂಗತ್ತೆ ಅಡುಗೆಮನೆಯ ಮೂಲೆಯಲ್ಲಿ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಊಟ ತಡವಾಯಿತೆಂದು ಅಪ್ಪ ಅವ್ವನ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಸುರಿಯಿತು. ಅವನು ಮತ್ತೆ ಕೈ ಎತ್ತಿದಾಗ ಅತ್ತೆ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅವನ ಮುಂಗೈಗೆ ಒತ್ತಿದಳು. ಚರ್ಮ ಚುರ್ರೆಂದಿತು, ಅಪ್ಪ ಕಿರುಚುತ್ತ ಕುಸಿದ.

“ಇನ್ನೊಮ್ಮೆ ಆಕಿನ್ನ ಮುಟ್ಟಿದ್ರ ಕಣ್ಣಿಗೇ ಇಡ್ತೀನಿ, ತಮ್ಮಾ!”

ಅವನು ಮತ್ತೆಂದೂ ಅವ್ವನಿಗೆ ಹೊಡೆಯಲಿಲ್ಲ.

ಹೊಸ ರೆಗ್ಯುಲೇಟರ್ ಕೂರಿಸಿದ ಮೇಲೆ ಬೋರ್ಡಿನ ದೀಪ ಹತ್ತಿತು. ಮಗಳು ಕುಣಿದಳು. ಪಕ್ಕದಲ್ಲೇ ಕೂತು ನೋಡುತ್ತಿದ್ದ ಅವ್ವ ನನಗೆ ಹೇಳಿದಳು, “ಗಂಗಕ್ಕನ ಕೈ ನಿನಗ ಬಂದದ.”