ಮೊದಲ ಬಟ್ಟಲು ಹಿರಿಯರಿಗೆ

ಸಿದರಾಯನ ಸಿಟ್ಟು ಹಲಸಿಯಿಂದ ಖಾನಾಪುರದವರೆಗೆ ಎಲ್ಲರಿಗೂ ಗೊತ್ತು. ಬಸ್ಸು ತಡವಾದರೆ ಕಂಡಕ್ಟರನ ಮೇಲೆ, ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಹೋಟೆಲಿನವನ ಮೇಲೆ, ಯಾರೂ ಸಿಗದಿದ್ದರೆ ತನ್ನ ಚಪ್ಪಲಿಯ ಮೇಲೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟದ್ದೂ ಸಿಟ್ಟಿನಿಂದಲೇ. ಮೈಯಲ್ಲಿ ಕುರಿ ವಾಸನೆ ಬರುತ್ತದೆ ಎಂದು ಮಾಸ್ತರರು ಅಂದದ್ದಕ್ಕೆ ಪಾಟಿ ಎಸೆದು ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಅಪ್ಪನ ಕುರಿಗಳ ಹಿಂದೆ ಹಲಸಿಯ ಹಳೇ ಗುಡಿಗಳ ಸುತ್ತ ಅಲೆದು ಬೆಳೆದ. ಕುರಿ ಮಾರಿದ ಮೇಲೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಕ್ಕಿ ಚೀಲ ಹೊತ್ತ. ಚೀಲ ಹೊತ್ತ ಬೆನ್ನಿಗೆ ಸಂಜೆಯಾದರೆ ಸೆರೆ ಬೇಕಾಯಿತು. ಸೆರೆ ಕುಡಿದ ಸಿಟ್ಟಿಗೆ ಹೆಂಡತಿ ಸತ್ಯವ್ವ ಬೇಕಾದಳು.

ಮಗಳು ಮಾಯಾ ಕಾಲೇಜಿನಲ್ಲಿದ್ದಾಗ ಒಂದು ಮುಂಜಾನೆ ಅವನ ಕೈ ಹಿಡಿದು ಬೀರದೇವರ ಗುಡಿಗೆ ಎಳೆದುಕೊಂಡು ಹೋದಳು. ಪೂಜಾರಿ ಅವನ ಅಂಗೈ ತುಂಬ ಭಂಡಾರ ಹಾಕಿದ. ಆ ಅರಿಶಿನ ಹತ್ತಿದ ಕೈಯನ್ನು ಮಗಳ ತಲೆಯ ಮೇಲಿಟ್ಟು ಸಿದರಾಯ, "ಇನ್ನ ಸೆರೆ ಮುಟ್ಟಿದರ ನಿನ್ನ ತಲಿ ಮ್ಯಾಲ ಆಣಿ" ಎಂದ. ಹುಡುಗಿಯ ಕೂದಲೆಲ್ಲ ಹಳದಿಯಾಗಿತ್ತು. ಅಂದಿನಿಂದ ಒಂದು ಚಿಟಿಕೆ ಭಂಡಾರ ಬಟ್ಟೆಯ ಗಂಟಿನಲ್ಲಿ ಅವನ ಅಂಗಿಯ ಜೇಬಿನಲ್ಲೇ ಇದೆ. ಕುಡಿತ ಬಿಟ್ಟಿತು. ಸಿಟ್ಟು ಬಿಡಲಿಲ್ಲ.

ಮಾಯಾಳನ್ನು ಈ ವರ್ಷ ಪೀರನವಾಡಿಯ ಲಕ್ಷ್ಮಣನಿಗೆ ಕೊಟ್ಟರು. ಫೌಂಡ್ರಿಯಲ್ಲಿ ನೌಕರಿ, ಮೃದು ಮಾತಿನ ಹುಡುಗ. "ನಮ್ಮಪ್ಪ ಒಮ್ಮೆನೂ ಮುಟ್ಟಿದಾಂವಲ್ಲ" ಎಂದು ಮಾಯಾ ಗಂಡನಿಗೆ ಹೇಳಿಟ್ಟಿದ್ದಳು. ಆ ಸುಳ್ಳು ಸಿದರಾಯನಿಗೂ ಗೊತ್ತಿತ್ತು. ಅದನ್ನು ನೆನೆದಾಗಲೆಲ್ಲ ಅವನಿಗೆ ಒಳಗೊಳಗೇ ಒಂದು ಹೆಮ್ಮೆ.

ಮೊನ್ನೆ ಒಂದು ರವಿವಾರ ಅಳಿಯ ಫೋನು ಮಾಡಿದ. "ಮಾವ, ಬೆಳಗಾವಿಗೆ ಬರ್ರಿ. ಕೊರಿಯಾ ದೇಶದ ಅಂಗಡಿ ತಗದಾರ. ಹೊಸಾ ನಮೂನಿ ತಿಂಡಿ, ತಿಂದ ನೋಡೂಣು."

"ಕೊರಿಯಾದಾಗ ರೊಟ್ಟಿ ಮಾಡ್ತಾರನೋ?"

"ರೊಟ್ಟಿ ಇಲ್ರಿ, ಅನ್ನ. ನಿಮ್ಮ ಖಾನಾಪುರದವರಂಗ ಮೂರೂ ಹೊತ್ತು ಅನ್ನನ."

ಅಂಗಡಿ ಚಿಕ್ಕದು. ಗಿಡ್ಡ ಮೇಜು, ಬೆನ್ನಿಲ್ಲದ ಸ್ಟೂಲು, ಗೋಡೆಯ ತುಂಬ ಅರ್ಥವಾಗದ ಅಕ್ಷರ. ಸುತ್ತ ಕಾಲೇಜು ಹುಡುಗರು. ಸಿದರಾಯ ಧೋತರ ಒಟ್ಟುಗೂಡಿಸಿಕೊಂಡು ಸ್ಟೂಲಿನ ಮೇಲೆ ಕುಕ್ಕುರಗಾಲಿನಲ್ಲಿ ಕೂತ. "ಅಪ್ಪಾ, ಕಾಲ ಕೆಳಗ ಬಿಡು" ಎಂದು ಮಾಯಾ ಮೆಲ್ಲಗೆ ಅಂದಳು. ಬಡಿಸುವಾಕೆ ಭೀಮಕ್ಕ ಬಂದಳು. ಸತ್ಯವ್ವನ ವಯಸ್ಸು, ಸೀರೆಯ ಮೇಲೆ ಕರಿ ಏಪ್ರನ್ನು. "ಇವರಿಗೆ ಅಕ್ಕಿ ಸೆರೆ, ನಮ್ಮಪ್ಪಗ ನನಗ ಸಿಹಿ ಅಕ್ಕಿ ನೀರು" ಎಂದು ಮಾಯಾ ಲಕ್ಷ್ಮಣನ ಕಡೆ ಕೈ ಮಾಡಿ ಹೇಳಿದಳು. ಗಂಡ ಹೆಂಡತಿ ತಿಂಡಿ ಆರಿಸಲು ಕೌಂಟರಿಗೆ ಹೋದರು.

ಅಷ್ಟರಲ್ಲಿ ಭೀಮಕ್ಕ ನೆಗ್ಗಿದ ಕಿಟ್ಲಿಯೊಂದನ್ನು ತಂದಿಟ್ಟಳು. ಚಹಾದ ಕಿಟ್ಲಿಯಂಥದ್ದೇ. ಬಾಜೂಕ ಅಗಲ ಬಟ್ಟಲುಗಳು.

"ಅಣ್ಣಾರ, ನಿಮಗ ಮಗಳು ಸಿಹಿ ನೀರು ಹೇಳ್ಯಾಳ್ರಿ. ಆದ್ರ ಕೊರಿಯಾದವರ ಪದ್ಧತಿ ಹಂಗೈತಿ, ಕಿಟ್ಲಿ ಬಂದ ಕೂಡಲೆ ಮೊದಲ ಬಟ್ಟಲ ಹಿರಿಯರಿಗೆ ಕೇಳಬೇಕು. ಇದು ಸೆರೆ ಐತ್ರಿ. ಹಾಕಲೇನ್ರಿ?"

ಸಿದರಾಯ ಕೌಂಟರಿನ ಕಡೆ ನೋಡಿದ. ಮಗಳು ಅಳಿಯ ಬೆನ್ನು ತಿರುಗಿಸಿ ನಿಂತಿದ್ದರು.

"ಹಾಕು" ಎಂದ.

ಅವಳು ಎರಡೂ ಕೈಯಿಂದ ಕಿಟ್ಲಿ ಹಿಡಿದು, ತುಸು ಬಾಗಿ ಸುರಿದಳು. ಬೆಳ್ಳಗೆ, ತೆಳು ಅಂಬಲಿಯ ಹಾಗೆ. ಅವನಿಗೆ ಹಿರಿಯ ಎಂದು ಬಾಗಿ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಅಂಬಲಿಯೇ ಇದು ಎಂದು ಮನಸ್ಸಿಗೆ ಹೇಳಿಕೊಂಡ. ನಾಲಿಗೆಗೆ ಮೊದಲ ಗುಟುಕಿಗೇ ತಿಳಿಯಿತು. ಹುಳಿ, ಸ್ವಲ್ಪ ಸಿಹಿ, ಅದರಡಿಯಲ್ಲಿ ಹಳೆಯ ಆ ಬಿಸಿ. ಬಟ್ಟಲು ಬರಿದಾಯಿತು. ಇನ್ನೊಂದನ್ನು ತಾನೇ ಸುರಿದುಕೊಂಡ.

ಮಾಯಾ ಮರಳಿ ಬಂದು ಕೂರುವಾಗ ಮೂಗು ಹಿಗ್ಗಿಸಿದಳು. ಆ ವಾಸನೆಯಲ್ಲೇ ಬೆಳೆದ ಹುಡುಗಿ. "ಅಪ್ಪಾ, ಏನ ಕುಡದಿ?"

ಅವನಿಗೆ ಮೊದಲು ಬಂದದ್ದು ಸಿಟ್ಟು. ಅದೇ ಯಾವಾಗಲೂ ಮೊದಲು ಬರುತ್ತಿತ್ತು. ಮೇಜು ಗುದ್ದಿ ಎದ್ದು ನಿಂತ. "ಈ ಹೆಂಗಸಿನ್ನ ಕೇಳು. ಅಂಬಲಿ ಅಂತ ಕುಡಿಸ್ಯಾಳ. ಹಳ್ಳಿ ಮಂದಿ, ತಿಳಿಯಂಗಿಲ್ಲ ಅನಕೊಂಡಾಳ."

ಹುಡುಗರೆಲ್ಲ ತಿರುಗಿ ನೋಡಿದರು. ಮಾಯಾ ಮುಖ ಕೆಂಪಗೆ ಮಾಡಿಕೊಂಡು ಮಾಲಕನನ್ನು ಕರೆದಳು. ಅವನ ಹೆಸರು ವಿನಯ, ಅಚ್ಚುಕಟ್ಟು ಗಡ್ಡದವನು. "ಕುಡಿಯಲಾರದವರಿಗೆ ಕುಡಿಸೂದು ಯಾವ ಪದ್ಧತಿರಿ?" ಎಂದು ಮಾಯಾ ಗದರಿದಳು. ಅಪ್ಪನ ಪರವಾಗಿ ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ಸಿದರಾಯ ಕಂಡಿರಲಿಲ್ಲ.

ವಿನಯ ಭೀಮಕ್ಕನ ಕಡೆ ತಿರುಗಿದ. ಅವಳು ಸಿದರಾಯನನ್ನು ಒಂದು ಸಲ ನೋಡಿದಳು. ಆಮೇಲೆ ನೆಲ ನೋಡುತ್ತ, "ಹೌದ್ರಿ, ನಂದ ತಪ್ಪಾತು" ಎಂದಳು.

"ಏಪ್ರನ್ ಬಿಚ್ಚಿಟ್ಟು ಮನೀಗೆ ನಡೀರಿ. ನಾಳಿಂದ ಬರಬ್ಯಾಡ್ರಿ."

ಅವಳು ಬೆನ್ನ ಹಿಂದಿನ ಗಂಟಿಗೆ ಕೈ ಹಾಕಿದಳು. ಸಿದರಾಯನ ಹೊಟ್ಟೆಯೊಳಗಿನ ಬಿಸಿ ಆರಿಹೋಯಿತು. ನಂದ ತಪ್ಪಾತು. ಓಣಿಯವರು ಬಾಗಿಲಿಗೆ ಬಂದು ನಿಂತಾಗ ಸತ್ಯವ್ವ ಇದೇ ಮಾತು ಹೇಳುತ್ತಿದ್ದಳು, ಹೀಗೇ ನೆಲ ನೋಡುತ್ತ. ಗಡಿಗೆ ಒಡೆದವನು ಅವನು. ತಪ್ಪು ಅವಳದು. ಈಗ ಬಾಯಿ ಮುಚ್ಚಿ ಕೂತರೆ ಮಗಳ ಕಣ್ಣಲ್ಲಿ ಅವನು ಉಳಿಯುತ್ತಾನೆ, ಅಳಿಯನ ಕಣ್ಣಲ್ಲೂ ಉಳಿಯುತ್ತಾನೆ. ಈ ಹೆಣ್ಣುಮಗಳು ಮನೆಗೆ ಹೋಗುತ್ತಾಳೆ, ಅಷ್ಟೆ.

"ಬಿಚ್ಚಬ್ಯಾಡವಾ" ಎಂದ. ದನಿ ಅವನದಲ್ಲ ಎನ್ನುವಷ್ಟು ಸಣ್ಣದಾಗಿತ್ತು. "ಆಕಿ ಸೆರೆ ಅಂತ ಹೇಳಿನ ಕೇಳಿದಳು. ನಾ ಹಾಕು ಅಂದೆ. ಎರಡನೇದು ನಾನ ಹಾಕ್ಕೊಂಡೆ."

ಮಾಯಾ ಕೂತಳು. ಲಕ್ಷ್ಮಣ ಗೊಂದಲದಲ್ಲಿ ನಕ್ಕ. "ಇರಲಿ ಬಿಡ್ರಿ ಮಾವ. ಎರಡು ಬಟ್ಟಲ ಅಷ್ಟ ಅಲ್ರಿ?"

"ನಿಮಗ ಗೊತ್ತಿಲ್ಲ" ಎಂದಳು ಮಾಯಾ, ಗಂಡನ ಮುಖ ನೋಡದೆ. "ನಾನ ಸುಳ್ಳು ಹೇಳಿದ್ದೆ ನಿಮಗ."

ಲಕ್ಷ್ಮಣನ ನಗು ಅರ್ಧಕ್ಕೆ ನಿಂತಿತು. ಅವನು ಕಿಟ್ಲಿಯನ್ನು ಮೆಲ್ಲಗೆ ಮೇಜಿನ ಆಚೆ ತುದಿಗೆ ಸರಿಸಿದ. ಅವನೂ ಕುಡಿಯಲಿಲ್ಲ.

ವಿನಯ ಏನೋ ಗೊಣಗಿ ಒಳಗೆ ಹೋದ. ಭೀಮಕ್ಕ ಏಪ್ರನ್ನಿನ ಗಂಟು ಮತ್ತೆ ಬಿಗಿದುಕೊಂಡು ತಿಂಡಿ ತಂದಳು. ಉಳ್ಳಾಗಡ್ಡಿ ತಪ್ಪಲ ಹಾಕಿದ ದಪ್ಪ ದೋಸೆ, ನೋಡಲು ಥಾಲಿಪಟ್ಟಿನ ಹಾಗೆ. ಅವನ ಮುಂದೆ ಇಡುವಾಗಲೂ ಎರಡೂ ಕೈ. "ತಿನ್ರಿ ಅಣ್ಣಾರ, ಆರಿದ್ರ ಚಂದ ಇರಂಗಿಲ್ಲ." ಆ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನುಂಗುವುದು ಸುಲಭವಾಗುತ್ತಿತ್ತು.

ಮೂವರೂ ಬಸ್ ಸ್ಟ್ಯಾಂಡಿಗೆ ನಡೆದರು. ಲಕ್ಷ್ಮಣ ನೀರಿನ ಬಾಟಲಿ ತರುತ್ತೇನೆಂದು ಹೋದ. ಖಾನಾಪುರದ ಬಸ್ಸು ನಿಂತಿತ್ತು. ಸಿದರಾಯ ಜೇಬಿನಿಂದ ಭಂಡಾರದ ಗಂಟು ತೆಗೆದ.

"ಮಾಯವ್ವಾ, ಮತ್ತ ಆಣಿ ಮಾಡ್ತೀನಿ. ನಿನ್ನ ತಲಿ ಮ್ಯಾಲ..."

ಮಾಯಾ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಕುಡಿದು ಬಂದ ರಾತ್ರಿಗಳಲ್ಲಿ ಹೀಗೇ ಸರಿಯುತ್ತಿದ್ದಳು.

"ಬ್ಯಾಡಪ್ಪಾ. ನನ್ನ ತಲಿ ಬಿಡು. ನಿನ್ನ ತಲಿ ಮ್ಯಾಲ ಇಟಗೊ."

ಬಸ್ಸು ಹೊರಟಿತು. ಕಿಟಕಿಯಿಂದ ಮಗಳು ಕಾಣಿಸಿದಳು, ಗಂಡನಿಗೆ ಏನೋ ಹೇಳುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಏನು ಹೇಳುತ್ತಿದ್ದಾಳೆಂದು ಸಿದರಾಯನಿಗೆ ಗೊತ್ತಿತ್ತು. ಪೀರನವಾಡಿ ದಾಟುವ ಹೊತ್ತಿಗೆ ಗಂಟು ಬಿಚ್ಚಿ, ಭಂಡಾರವನ್ನು ಅಂಗೈಗೆ ಹಾಕಿಕೊಂಡು, ಆ ಕೈಯನ್ನು ತನ್ನ ನೆತ್ತಿಯ ಮೇಲಿಟ್ಟುಕೊಂಡ.

ಕಂಡಕ್ಟರ ಬಂದ. "ತಲಿ ನೋಯಾಕತ್ತೈತೇನ್ರಿ, ಕಾಕಾ?"

ಬೇರೆ ದಿನವಾಗಿದ್ದರೆ ಇದಕ್ಕೂ ಸಿಡಿಯುತ್ತಿದ್ದ. "ಇಲ್ಲಪಾ" ಎಂದ ಸಿದರಾಯ. ಇನ್ನೊಂದು ಕೈಯಿಂದ ಟಿಕೀಟು ಇಸಿದುಕೊಂಡ. ನೆತ್ತಿಯ ಮೇಲಿನ ಕೈ ತೆಗೆಯಲಿಲ್ಲ.