ತಾತನ ಹಣೆಯ ಬಿಳಿ ಮಚ್ಚೆ

ಗೋಡೆಯ ಮೇಲಿನ ಫೋಟೋದಲ್ಲಿ ತಾತನ ಹಣೆಯ ನಡುವೆ ಬಿಳಿ ಮಚ್ಚೆ ಯಾಕಿದೆ ಎಂದು ನೀವು ಮೊಮ್ಮಕ್ಕಳು ಕೇಳುತ್ತೀರಿ. ಬಾಯಲ್ಲಿ ಹೇಳಲು ನನಗೆ ಸಂಕೋಚ, ಬರೆದಿಡುತ್ತೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಸಾರಕ್ಕಿಯಿಂದ ಜಯನಗರದ ಒಂದು ಫೋಟೋ ಸ್ಟುಡಿಯೋಗೆ ಕೆಲಸಕ್ಕೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವಳು ನಮ್ಮ ಬೀದಿಯವಳೇ. ಅಕ್ಕ ಎನ್ನುತ್ತಿದ್ದೆ. ಸೂತಕದ ದಿನಗಳಲ್ಲಿ ನಮಗೆ ಅನ್ನ ಸಾರು ತಂದುಕೊಟ್ಟವಳು.

ಆಗ ಇಂಕ್‌ಜೆಟ್ ಪ್ರಿಂಟರಿನಲ್ಲಿ ದೊಡ್ಡ ಫೋಟೋ ತೆಗೆಯುವುದು ಹೊಸದು. ಆ ಶಾಯಿಗೆ ನೀರು ತಾಗಿದರೆ ಕದಡುತ್ತದೆ. ಅದಕ್ಕೇ ಮೇಲೆ ಹಾಲಿನಂಥ ಕೋಟಿಂಗ್ ಬಳಿಯುತ್ತಿದ್ದೆವು, ಒಣಗಿದರೆ ತಿಳಿಯಾಗುತ್ತಿತ್ತು. ಬಳಿಯುವ ಕೆಲಸ ನನ್ನದು. ಧೂಳು ಕೂರದಂತೆ ಫ್ಯಾನ್ ಆರಿಸಿ, ಸ್ಪಂಜಿನ ರೋಲರನ್ನು ಮೊದಲು ಉದ್ದಕ್ಕೆ ಎಳೆಯಬೇಕು. ಅದು ಒಣಗಿದ ಮೇಲೆ ಅಡ್ಡಕ್ಕೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬಿಟ್ಟುಹೋದ ಜಾಗ ಮಂಕಾಗಿ ಕಾಣುತ್ತದೆ. ಅರೆಬರೆ ಒಣಗಿದ್ದನ್ನು ಮತ್ತೆ ಮುಟ್ಟಿದರೆ ಗೆರೆ ಬೀಳುತ್ತದೆ. ಅಕ್ಕನೇ ಕೈ ಹಿಡಿದು ಕಲಿಸಿದಳು.

"ಗಾಜು ಬೇಡ ಸಾರ್, ಗಂಧ ಇಡಿ, ಕುಂಕುಮ ಇಡಿ, ಒದ್ದೆ ಬಟ್ಟೇಲಿ ಒರೆಸ್ಕೊಳ್ಳಿ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು.

ನಿಮ್ಮ ತಾತನ ಫೋಟೋಗೂ ನಾನೇ ಬಳಿದೆ. ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು. "ನಿಮ್ಮೆಜಮಾನ್ರು ಮದುವೆಗೆ ಹೊರಟಂಗವ್ರೆ ಕಣೆ," ಎಂದಳು. ಎಷ್ಟೋ ತಿಂಗಳ ಮೇಲೆ ನಾನು ನಕ್ಕಿದ್ದು ಆಗಲೇ.

ವರ್ಷದ ತಿಥಿಯ ದಿನ ನಿಮ್ಮಪ್ಪ ಆ ಹಣೆಗೆ ಗಂಧ ಇಟ್ಟ. ಮರುದಿನ ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗಂಧದ ಜೊತೆ ಹಣೆಯೂ ಬಂತು.

ನನ್ನ ಕೈಯದೇ ತಪ್ಪು ಎಂದುಕೊಂಡೆ. ಗಂಡನ ಮುಖಕ್ಕೇ ಸರಿಯಾಗಿ ಬಳಿಯಲಿಲ್ಲವಲ್ಲ ಎಂದು ಊಟ ಸೇರಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಕೆಲವು ದಿನಗಳಾದ ಮೇಲೆ ಬನಶಂಕರಿಯ ಹೆಂಗಸೊಬ್ಬರು ತಮ್ಮ ಅತ್ತೆಯ ಫೋಟೋ ತಂದರು. ಅದೇ ಜಾಗ, ಅದೇ ಮಚ್ಚೆ.

"ಏನ್ಮಾಡ್ಲಿ ಮೇಡಂ," ಎಂದಳು ಅಕ್ಕ, ಗದ್ದದಿಂದ ನನ್ನ ಕಡೆ ತೋರಿಸಿ. "ಹಳ್ಳಿಯವ್ಳು, ಪಾಪ ಅಂತ ಇಟ್ಕೊಂಡೆ. ಎಷ್ಟ್ ಹೇಳಿದ್ರೂ ಕೈ ಸಮ ಬರಲ್ಲ."

ಆ ಹೆಂಗಸು ನನ್ನ ಕೈಗಳನ್ನೇ ನೋಡಿದರು. ನಾನು ತಲೆ ತಗ್ಗಿಸಿದೆ.

ಮರುದಿನ ಬೇಗ ಹೋದೆ, ಹಾಳಾದ ಪ್ರಿಂಟೊಂದರ ಮೇಲೆ ಕೈ ಪಳಗಿಸಿಕೊಳ್ಳೋಣವೆಂದು. ಒಳಗೆ ಅಕ್ಕ ಕೋಟಿಂಗ್ ಡಬ್ಬಕ್ಕೆ ಚೊಂಬಿನಿಂದ ನೀರು ಸುರಿದು ಕಡ್ಡಿಯಲ್ಲಿ ಕಲಕುತ್ತಿದ್ದಳು. ನನ್ನನ್ನು ಕಂಡರೂ ಕಲಕುವುದು ನಿಲ್ಲಿಸಲಿಲ್ಲ.

"ಎಲ್ಲಾರೂ ಬೆರೆಸ್ತಾರೆ ಕಣೆ. ಹಂಗ್ಯಾಕ್ ನೋಡ್ತೀಯ?"

ನಿನ್ನೆಯ ಮಾತನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಬೇರೆಯದು ಬಂತು. "ನಮ್ಮೆಜಮಾನ್ರ ಫೋಟೋಗೆ ಬಳಿದ್ನಲ್ಲ ಅಕ್ಕ, ಅವತ್ತೂ ಇದೇ ಡಬ್ಬಾನಾ?"

"ಇನ್ನೇನು, ಒಂದ್ ಫೋಟೋಗೋಸ್ಕರ ಹೊಸ ಡಬ್ಬ ಒಡೀತಾರಾ?" ಎಂದು ನಕ್ಕಳು. "ಹಾಳಾಯ್ತಾ? ತಗೊಂಬಾ, ಇನ್ನೊಂದ್ ತೆಗೆದ್ಕೊಡ್ತೀನಿ."

ತೊಳೆದಿಟ್ಟಿದ್ದ ರೋಲರನ್ನು ಮುಟ್ಟದೆ ಹೊರಗೆ ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಬೀದಿಯಲ್ಲಿ ಎದುರಾದರೆ ಅವಳೇ ಮಾತಾಡಿಸುತ್ತಿದ್ದಳು, ಊಟ ಆಯ್ತಾ ಎಂದು.

ಫೋಟೋ ಬದಲಿಸೋಣ ಎಂದು ನಿಮ್ಮಪ್ಪ ಈಗಲೂ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಮಚ್ಚೆ ಇರುವುದು ಹಣೆಯಲ್ಲಿ ಮಾತ್ರ. ಕಣ್ಣು, ಮೀಸೆ ಎಲ್ಲ ನಾನು ಬಳಿದಂತೆಯೇ ಇವೆ. ಓರೆಯಾಗಿ ನಿಂತು ನೋಡಿ, ಎಲ್ಲೂ ಒಂದು ಗೆರೆಯೂ ಇಲ್ಲ.