ರುದ್ರೇಶಣ್ಣನ ರೇಸು

ಶನಿವಾರ ಪಾಳಿ ಮುಗಿಯುವುದೇ ತಡ, ಪೀಣ್ಯದ ಪ್ರೆಸ್ ಶಾಪಿನ ರುದ್ರೇಶಣ್ಣ ರಾಜಗೋಪಾಲನಗರದ ಮನೆಮುಂದೆ ತನ್ನ ರೇಸ್ ಬೈಕು ಬಿಚ್ಚಿ ಹರಡಿಬಿಡುತ್ತಿದ್ದ. ಕಾರ್ಬ್ಯುರೇಟರನ್ನು ಎಳೆಗೂಸಿನಂತೆ ತೊಳೆದು ಜೋಡಿಸಿ, "ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಮತ್ತೆ ಬಿಚ್ಚುತ್ತಿದ್ದ. "ನನ್ನನ್ನ ಒಂದ್ಸಲಾನಾದ್ರೂ ಹಿಂಗೆ ನೋಡಿದ್ರಾ?" ಎಂದು ಹೆಂಡತಿ ಶ್ಯಾಮಲಾ ನಗುತ್ತಿದ್ದಳು. ಎಂಜಿನ್ ಶುರುಮಾಡಿ ಟ್ಯಾಂಕಿಗೆ ಕೆನ್ನೆಯೊತ್ತಿ ಕೂತರೆ, "ಬೈಕಿಗೆ ಮುತ್ತು ಕೊಡ್ತಾನೆ ಮಗಾ" ಎಂದು ಬೀದಿಗೆ ಹೊಸದಾಗಿ ಬಂದ ಹುಡುಗರು ಆಡಿಕೊಳ್ಳುತ್ತಿದ್ದರು. ತಗಡು ಒತ್ತುವ ಪ್ರೆಸ್ಸುಗಳ ಬಡಿತಕ್ಕೆ ಅವನ ಎರಡೂ ಕಿವಿ ಹೋಗಿದ್ದವು. ಎಂಜಿನ್ನಿನ ಹದ ತಿಳಿಯುತ್ತಿದ್ದುದು ಕೆನ್ನೆಗೆ ತಾಗುವ ಕಂಪನದಿಂದಲೇ. ಐದು ವರ್ಷ ಎರಡನೆಯವನಾಗಿಯೇ ಉಳಿದವನು ತೊಂಬತ್ತಾರರಲ್ಲಿ, ಚಿಕ್ಕಬಾಣಾವರದ ಮಣ್ಣಿನ ರೇಸಿನ ಕೊನೆಯ ತಿರುವಿನಲ್ಲಿ ಎಲ್ಲರನ್ನೂ ಹಿಂದಿಕ್ಕಿ ಗೆದ್ದೇಬಿಟ್ಟ. ಹೆಲ್ಮೆಟ್ ತೆಗೆದು, "ಜನ ಕೂಗಿದ್ರೇನೇ?" ಎಂದು ಕೇಳಿದ. ಶ್ಯಾಮಲಾ ಅವನೆದುರು ನಿಂತು, ತುಟಿಗಳನ್ನು ನಿಧಾನವಾಗಿ ಆಡಿಸುತ್ತ ಹೇಳಿದಳು: "ರೈಲ್ವೆ ಸ್ಟೇಷನ್‌ವರೆಗೂ ಕೇಳಿಸಿರುತ್ತೆ ಕಣ್ರೀ!"